ಬೆಳಗಿನವರೆಗೆ ಇಟ್ಟುಕೊಂಡ ಸುದ್ದಿ

"ಅವನಿಗೆ ಈಗಲೇ ಹೇಳಬೇಡಿ ಗಾಶೆ," ಎಂದು ಫೋನಿನಲ್ಲಿ ಮೆಸೆಲೆಯ ಅಣ್ಣನ ದನಿ ದೂರದಿಂದ ಬೇಡಿಕೊಂಡಿತು. "ಕತ್ತಲಾಗ್ತಾ ಬಂತು. ಅಲ್ಲಿ ಅವನಿಗೆ ನಮ್ಮವರು ಅಂತ ಯಾರೂ ಇಲ್ಲ. ಬೆಳಿಗ್ಗೆ ಹಿರಿಯರನ್ನ ಕರ್ಕೊಂಡು ಹೋಗಿ ಹೇಳಿ."

ಕಿರಿಯರೆಲ್ಲ ಗೌರವದಿಂದ ಗಾಶೆ ಎಂದು ಕರೆಯುವ ಮುದಿ ಕಾವಲುಗಾರ ವುಬ್ಶೆತ್ ಫೋನನ್ನು ಕೋಟಿನ ಜೇಬಿಗೆ ಇಳಿಸಿದ. ಎದುರಿಗೆ, ಕೇಬಲ್ ಹಾಯಿಸಿದ್ದ ಕಾಲುವೆಯಲ್ಲಿ ಮೆಸೆಲೆ ಮೊಣಕಾಲೂರಿ ಮರಳು ಹರಡುತ್ತಿದ್ದ. ಗೊಜ್ಜಾಮಿನ ಹಳ್ಳಿಯಲ್ಲಿ ಅವನ ತಂದೆ ತೀರಿಕೊಂಡಿದ್ದರು. ನಾಳೆ ಮಧ್ಯಾಹ್ನ ಮಣ್ಣು. ನಸುಕಿನ ಬಸ್ಸು ಹಿಡಿದರೆ ಮಾತ್ರ ಮಗ ಮುಖ ನೋಡಬಹುದು. ಇದು ವುಬ್ಶೆತ್‌ಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಸಾವಿನ ಸುದ್ದಿಯನ್ನು ಕತ್ತಲಲ್ಲಿ, ದಣಿದ ಮನುಷ್ಯನ ಕೈಗೆ ಹಾಗೇ ಕೊಟ್ಟುಬಿಡುವುದು ಎಲ್ಲಾದರೂ ಉಂಟೆ? ಹಿಂದೊಮ್ಮೆ ಈಸ್ಟರಿನ ಉಪವಾಸದಲ್ಲಿ ವುಬ್ಶೆತ್‌ನ ಹೆಂಡತಿ ತನ್ನ ತಂಗಿಯ ಊರಿನಲ್ಲಿ ಕಣ್ಣು ಮುಚ್ಚಿದಾಗ, ಕೇರಿಯವರು ಗಾಬಿ ಎನ್ನುವ ದಪ್ಪ ಬಿಳಿ ಹೊದಿಕೆ ಹೊದ್ದು ಬೆಳಿಗ್ಗೆಯೇ ಬಾಗಿಲಿಗೆ ಬಂದಿದ್ದರು. ಅವರೆಲ್ಲ ಸುತ್ತ ನಿಂತಿದ್ದರಿಂದಲೇ ತಾನು ಬದುಕಿಕೊಂಡೆ ಎಂದು ಅವನು ಇಂದಿಗೂ ನಂಬಿದ್ದ.

ಇಲ್ಲಿ ಮೊದಲ ಗುದ್ದಲಿ ಬಿದ್ದಾಗಿನಿಂದ ಅವನೂ ಮೆಸೆಲೆಯೂ ಜೊತೆಗಿದ್ದರು. ಮಳೆಗೆ ಗುಂಡಿ ತುಂಬಿತು. ನೀರು ಎತ್ತಿ ಚೆಲ್ಲಿದರು. ಮತ್ತೆ ತುಂಬಿತು. ಕಾಂಕ್ರೀಟು ಹಾಕಿ ಒದ್ದೆ ಗೋಣಿ ಹೊದಿಸಿದರು. ಆಮೇಲೆ ಯಂತ್ರಗಳು ಜಿಬೂತಿಯ ಬಂದರಿನಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಬರಲೇ ಇಲ್ಲ. ಈಗ ಕರೆಂಟಿನ ಕಾರುಗಳಿಗೆ ಚಾರ್ಜು ತುಂಬುವ ಎರಡು ಪೆಟ್ಟಿಗೆಗಳು ಪ್ಲಾಸ್ಟಿಕ್ಕು ಸುತ್ತಿಕೊಂಡು ನಿಂತಿದ್ದವು. ಬೆಳಿಗ್ಗೆ ವಿದ್ಯುತ್ ಕಚೇರಿಯವರು ಬಂದು ಲೈನ್ ಕೊಡಬೇಕಿತ್ತು. ಒಮ್ಮೆ ಮುಗಿದರೆ ಸಾಕು ಎನ್ನುವುದನ್ನು ಬಿಟ್ಟು ಯಾರಲ್ಲಿಯೂ ಬೇರೆ ಆಸೆ ಉಳಿದಿರಲಿಲ್ಲ.

ರಸ್ತೆಯಂಚಿನಲ್ಲಿ ಕಾಫಿ, ಊಟ ಮಾರುವ ಯೆಶಿಗೆ ವುಬ್ಶೆತ್ ಕಿವಿಯಲ್ಲಿ ಹೇಳಿದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಮೆಸೆಲೆಯ ತಟ್ಟೆಗೆ ಕೇಳದೆಯೇ ಎರಡನೆಯ ಇಂಜೆರಾ ರೊಟ್ಟಿ ಹಾಕಿದಳು.

"ಏನಕ್ಕಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ನಿನ್ನೆ ಇದನ್ನೇ ಕೇಳಿದ್ದಕ್ಕೆ ಸೌಟು ಎತ್ತಿದ್ದೆ."

"ಮಾತು ಕಡಿಮೆ ಮಾಡಿ ತಿನ್ನೋ. ಒಣಗಿ ಕಡ್ಡಿಯಾಗಿದೀಯ."

ಹೇಳಿದವಳೇ ತಿರುಗಿ ಕೂತು, ಚೆನ್ನಾಗಿಯೇ ಉರಿಯುತ್ತಿದ್ದ ಒಲೆಯನ್ನು ಊದತೊಡಗಿದಳು. ವುಬ್ಶೆತ್ ತನ್ನ ಗಾಬಿಯನ್ನು ತಂದು ಅವನ ಹೆಗಲ ಮೇಲೆ ಹಾಕಿದ.

"ಹೊದ್ಕೊ. ಚಳಿ ಇದೆ."

ಮೆಸೆಲೆ ಗಾಬಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದ. ಮುದುಕನ ಮುಖ ನೋಡಿದ. ತುತ್ತು ಕೈಯಲ್ಲೇ ಉಳಿಯಿತು.

"ಅಣ್ಣ ಇವತ್ತು ಫೋನ್ ಮಾಡ್ಲೇ ಇಲ್ಲ ಗಾಶೆ."

"ಹಳ್ಳಿ ಅಲ್ವಾ. ನೆಟ್‌ವರ್ಕ್ ಇರಲ್ಲ," ಎಂದ ವುಬ್ಶೆತ್. ಮಾತು ಮುಗಿದ ಮೇಲೆ ಇಗರ್ಜಿಯ ಕಡೆ ತಿರುಗಿ ಶಿಲುಬೆಯ ಗುರುತು ಮಾಡಿಕೊಂಡ.

ಬೆಳಿಗ್ಗೆ ವುಬ್ಶೆತ್ ಪ್ರಾರ್ಥನೆ ಮುಗಿಸಿ ಕೇರಿಯ ಹಿರಿಯರನ್ನು ಕರೆದುಕೊಂಡು ಬರುವಾಗ ಬಿಸಿಲು ಬಿದ್ದಿತ್ತು. ಎಂಜಿನಿಯರ್ ಹಿಲಿನಾ ಗೇಟಿನಲ್ಲೇ ಅಡ್ಡ ನಿಂತಳು. ಯೆಶಿ ಅವಳಿಗೂ ಹೇಳಿದ್ದಳು.

"ಗಾಶೆ, ಲೈನ್ ಬಂದ ಮೇಲೆ ಹೇಳಿದ್ರೆ ಆಗಲ್ವಾ? ಕೇಬಲ್ ಜೋಡಿಸೋಕೆ ಅವನೊಬ್ಬನೇ ಇರೋದು. ಇವತ್ತು ತಪ್ಪಿದ್ರೆ ಅವರು ಮತ್ತೆ ಯಾವಾಗ ಬರ್ತಾರೋ. ನಾನೇನು ಕೆಟ್ಟವಳಲ್ಲ."

"ಗೊತ್ತಮ್ಮಾ. ಇನ್ನು ಇಟ್ಟುಕೊಳ್ಳೋಕೆ ನನ್ನ ಕೈಲಾಗಲ್ಲ."

ಮೆಸೆಲೆ ಮುಖ ತೊಳೆದು, ಬೂಟಿನ ದಾರ ಕಟ್ಟಿ, ಚೀಲ ತುಂಬಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ. ಗಾಬಿ ಮಡಿಸಿ ಪಕ್ಕದಲ್ಲಿಟ್ಟಿದ್ದ. ಬರುತ್ತಿದ್ದವರನ್ನು ಕಂಡು ಎದ್ದು ನಿಂತ. ವುಬ್ಶೆತ್‌ನ ಕಾಲು ಅಲ್ಲಿಯೇ ತಡೆಯಿತು.

"ನಿನಗೆ ಗೊತ್ತಿತ್ತಾ?"

"ಅಕ್ಕ ಎರಡನೇ ಇಂಜೆರಾ ಹಾಕಿದಾಗಲೇ."

"ಅಯ್ಯೋ ದೇವರೇ! ಮತ್ತೆ ಬಸ್ಸಿಗೆ ಯಾಕೆ ಹೋಗ್ಲಿಲ್ಲವೋ? ಹೋಗಬಾರದಿತ್ತಾ?"

"ನೀವು ಬರ್ತೀರಿ ಅಂತ ಕಾದೆ ಗಾಶೆ. ಎದ್ದಾಗ ನೀವು ಇಗರ್ಜಿಗೆ ಹೋಗಿದ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರೂ ಹೇಳದೆ ನಾನಾಗೇ ಅಳ್ತಾ ಹೊರಟ್ರೆ, ಬದುಕಿರೋರನ್ನ ನಾನೇ ಸಾಯಿಸಿದ ಹಾಗಲ್ವಾ? ಅಮ್ಮನೋ ಅಪ್ಪನೋ ಅಂತಾನೂ ಗೊತ್ತಿಲ್ಲ ನನಗೆ. ಹೇಳಿಬಿಡಿ."

ಬಸ್ಸು ಅಷ್ಟು ಹೊತ್ತಿಗೆ ಬೆಟ್ಟ ದಾಟಿ ಎಷ್ಟೋ ದೂರ ಹೋಗಿತ್ತು. ವುಬ್ಶೆತ್ ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ.

"ನಿನ್ನ ತಂದೆ ತೀರಿಕೊಂಡ್ರು ಮಗನೇ."

ಆಗ ಮೆಸೆಲೆ ಅತ್ತ. ಯೆಶಿ ಒಲೆಯ ಬಳಿಯಿಂದ ಎದೆ ಬಡಿದುಕೊಳ್ಳುತ್ತ ಓಡಿಬಂದಳು. ಹಿರಿಯರು ಅವನ ಸುತ್ತ ಕೂತರು. ವಿದ್ಯುತ್ ಕಚೇರಿಯ ಲಾರಿ ಬಂದಾಗ ಹಿಲಿನಾ ತಾನೇ ಹೋಗಿ ಏನೋ ಹೇಳಿ ಅವರನ್ನು ಹಿಂದಕ್ಕೆ ಕಳಿಸಿದಳು. ಆಮೇಲೆ ತಲೆಗೆ ಬಟ್ಟೆ ಹೊದ್ದು ಯೆಶಿಯ ಪಕ್ಕದಲ್ಲಿ ಬಂದು ಕೂತಳು.

ಚಾರ್ಜು ಇಂದು ಶುರುವಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಬಂದಿರಬೇಕು, ಹಸಿರು ಕಾರೊಂದು ಗೇಟಿನೊಳಗೆ ಬಂದು ನಿಂತಿತ್ತು. ಅದು ಬಂದ ಸದ್ದು ಯಾರಿಗೂ ಕೇಳಿರಲಿಲ್ಲ. ಅಪರಿಚಿತ ಗಂಡಸೊಬ್ಬ ಕೈಯೆತ್ತಿ ಏನೋ ಕೇಳಲು ಹೊರಟು, ಕೈ ಇಳಿಸಿದ. ಕೆಳಗಿಳಿದು ಬಾಗಿಲನ್ನು ಮೆಲ್ಲಗೆ ಒತ್ತಿ ಮುಚ್ಚಿ, ಟೋಪಿ ತೆಗೆದು ಎದೆಗೆ ಹಿಡಿದು, ಕೂತವರ ಅಂಚಿನಲ್ಲಿ ಸಿಮೆಂಟಿನ ನೆಲದ ಮೇಲೆ ಕುಳಿತುಕೊಂಡ. ಯಾರು ಸತ್ತರೆಂದು ಅವನು ಕೇಳಲಿಲ್ಲ. ಪಕ್ಕದವರು ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.