ಗ್ಲೆನಿಸ್ ಮುರಿದ ಗೇರ್‌ಬಾಕ್ಸ್

ಮಗಳನ್ನು ಮಣ್ಣು ಮಾಡಿ ಬಂದ ಮೂರನೆಯ ವಾರ ಲೆಸ್ಟರ್ ಪ್ಯಾಸ್ಕೋ ಶೆಡ್ಡಿನ ಮೂಲೆಯಲ್ಲಿದ್ದ, ಚಕ್ರದ ಬದಲು ಉಕ್ಕಿನ ಪಟ್ಟಿಯ ಮೇಲೆ ಓಡುವ ಹಳೆಯ ಕ್ರಾಲರ್ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಬಿಚ್ಚಲು ಕೂತ. ಪಾಪ, ದುಃಖ ಮರೆಯಲು ಏನೋ ಒಂದು ಕೆಲಸ ಅಂತ ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡರು. ಸುಳ್ಳು. ಅವನು ಸ್ಪ್ಯಾನರ್ ಹಿಡಿದದ್ದು ಸಿಟ್ಟಿನಿಂದ. ಅದು ಕೆಟ್ಟದ್ದು ಸತ್ತ ಮಗಳಿಂದಲೇ ಅಂತ ಸಾಬೀತು ಮಾಡಬೇಕಿತ್ತು. ಎಂಬತ್ಮೂರು ವರ್ಷದವನಿಗೆ ಇದು ಬೇಕಿತ್ತೇ ಅಂದರೆ, ಬೇಕಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ ಅವನು. ಮೊಲಗಳಿಗಂತೂ ಪರ್ತ್ ಕಡೆಯ ಆ ಗೋಧಿ ಸೀಮೆಯಲ್ಲಿ ಕೊರತೆಯಿಲ್ಲ.

ಸಿಟ್ಟು ಬರಿಸಿದವನು ಡೀನ್. ಮಗಳು ಗ್ಲೆನಿಸ್ ಉತ್ತರದ ಕಬ್ಬಿಣದ ಗಣಿಯಲ್ಲಿ ಇಪ್ಪತ್ತೇಳು ವರ್ಷ ಲಾರಿ ಓಡಿಸಿದವಳು. ಡೀನ್ ಅಲ್ಲಿ ಅವಳ ಪಾಳಿಯ ಮೇಸ್ತ್ರಿ. ಸಂಸ್ಕಾರ ಮುಗಿದು ಎಲ್ಲರೂ ಊರಿನ ಸಭಾಭವನದಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತ ನಿಂತಿದ್ದಾಗ ಲೆಸ್ಟರ್ ತನ್ನ ಮಾಮೂಲಿ ಕಥೆ ತೆಗೆದ. ಪಬ್ಬಿನಲ್ಲಿ ನೂರು ಸಲ ಹೇಳಿ ನಗಿಸಿದ ಕಥೆ. ಇಪ್ಪತ್ತೊಂದರ ಹುಡುಗಿ, ತಾತನ ಮುದ್ದಿನ ಕ್ರಾಲರ್ ಹತ್ತಿ, ಅದು ಓಡುತ್ತಿರುವಾಗಲೇ ಗೇರ್ ಬದಲಿಸಿ ಹಲ್ಲೆಲ್ಲ ಉದುರಿಸಿದ್ದು. ಆ ಕಾಲದ ಕ್ರಾಲರನ್ನು ಪೂರ್ತಿ ನಿಲ್ಲಿಸಿಯೇ ಗೇರ್ ಬದಲಿಸಬೇಕು, ಅದು ಅಲ್ಲಿ ಎಳೆಗೂಸಿಗೂ ಗೊತ್ತು.

ಈ ಸಲ ಯಾರೂ ನಗಲಿಲ್ಲ. ಡೀನ್ ತಟ್ಟೆ ಕೆಳಗಿಟ್ಟ.

"ಇನ್ನೂರು ಟನ್ನಿನ ಗಾಡಿ ಓಡ್ಸಿದಾಳೆ ಯಜಮಾನ್ರೇ, ಇಪ್ಪತ್ತೇಳು ವರ್ಷ. ಒಂದು ಗೀರು ಬೀಳಿಸ್ಲಿಲ್ಲ. ನೀವು ಬೇರೆ ಯಾರ್ದೋ ಕಥೆ ಹೇಳ್ತಿದೀರಿ."

ಮಗಳ ಶವಪೆಟ್ಟಿಗೆಗಿಂತ ಆ ಮಾತೇ ಲೆಸ್ಟರನಿಗೆ ಹೆಚ್ಚು ಚುಚ್ಚಿತು ಅಂದರೆ ನೀವು ಅವನನ್ನು ಬೈಯಬಹುದು. ನಾನೂ ಬೈದಿದ್ದೇನೆ.

ನಲವತ್ತೊಂದು ವರ್ಷದಿಂದ ಆ ಗೇರ್‌ಬಾಕ್ಸಿನ ಮುಚ್ಚಳವನ್ನು ಯಾರೂ ಎತ್ತಿರಲಿಲ್ಲ. ಮುರಿದ ದಿನ ಹೊಲದಿಂದ ಎಳೆದು ತಂದು ಮೂಲೆಗೆ ತಳ್ಳಿದ್ದಷ್ಟೇ. ಆಗ ಜಮೀನು ಇನ್ನೂ ಲೆಸ್ಟರನ ಅಪ್ಪ ಹೊರೇಸನ ಹೆಸರಿನಲ್ಲಿತ್ತು. ಮುದುಕ ಹೊಲಕ್ಕೆ ಓಡಿ ಬಂದು "ಏನಾಯ್ತು?" ಅಂತ ಗರ್ಜಿಸಿದಾಗ, "ಓಡ್ತಿರುವಾಗ್ಲೇ ಗೇರ್ ಹಾಕಿರ್ತಾಳೆ" ಅಂದವನು ಲೆಸ್ಟರ್. "ನಾನು ನಿಲ್ಸಿದ್ದೆ ತಾತ" ಅಂತ ಒಂದೇ ಒಂದು ಸಲ ಅಂದು ಗ್ಲೆನಿಸ್ ಬಾಯಿ ಮುಚ್ಚಿದಳು. ಇನ್ನು ಮೇಲೆ ತನ್ನ ಹೊಲದಲ್ಲಿ ಹೆಂಗಸರು ಯಂತ್ರ ಮುಟ್ಟಕೂಡದು ಅಂತ ಹೊರೇಸ್ ಕಟ್ಟಪ್ಪಣೆ ಮಾಡಿದ. ಹೊಲ ಬಿಟ್ಟು ಬೇರೇನೂ ಬೇಡ ಅನ್ನುತ್ತಿದ್ದ ಹುಡುಗಿ ಆ ಚಳಿಗಾಲದಲ್ಲೇ ಗಂಟುಮೂಟೆ ಕಟ್ಟಿದಳು.

ಬಿಚ್ಚುವುದೇನು ಸುಲಭವಾಗಿರಲಿಲ್ಲ. ಅಲ್ಲಿ ಜನವರಿ ಅಂದರೆ ನಡುಬೇಸಿಗೆ; ಆ ಬಿಸಿಲಿಗೆ ತಗಡಿನ ಶೆಡ್ಡು ಕಾದ ಹೆಂಚಾಗಿತ್ತು, ನೊಣಗಳು ಕಣ್ಣಿಗೇ ಬರುತ್ತಿದ್ದವು. ತುಕ್ಕು ಹಿಡಿದ ಬೋಲ್ಟುಗಳಿಗೆ ಮೂರು ದಿನ ಡೀಸೆಲ್ ಕುಡಿಸಿದ. ನಾಲ್ಕು ಬೋಲ್ಟು ತಲೆ ಮುರಿದುಕೊಂಡವು, ಅವನ್ನು ಕೊರೆದು ತೆಗೆದ. ಸೀಟು, ಡೀಸೆಲ್ ಟ್ಯಾಂಕು ಇಳಿಸಿ, ತೊಲೆಗೆ ಚೈನ್ ಪುಲ್ಲಿ ಕಟ್ಟಿ ಮುಚ್ಚಳ ಎತ್ತುವಷ್ಟರಲ್ಲಿ ವಾರ ಕಳೆಯಿತು. ಒಳಗಿದ್ದ ಎಣ್ಣೆ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಹೊಸ ಗೇರುಗಳನ್ನು ಮಾತ್ರ ಮೊದಲೇ ಹೊಂದಿಸಿಟ್ಟಿದ್ದ; ಎಸ್ಪರೆನ್ಸ್ ಊರಿನ ಕಡೆಯ ಒಬ್ಬ ಹಳೇ ಯಂತ್ರಗಳ ಹುಚ್ಚ ಒಂದು ಪೆಟ್ಟಿಗೆ ಬಿಯರಿಗೆ ತನ್ನ ಗುಜರಿ ಕ್ರಾಲರಿನಿಂದ ಕಿತ್ತು ಕೊಟ್ಟಿದ್ದ. ತಪ್ಪು ಮಗಳದು ಅಂತ ತೋರಿಸಿ, ಆಮೇಲೆ ರಿಪೇರಿ ಮಾಡಿ ಕ್ಷಮಿಸಿಬಿಡುವುದು, ಇದು ಅವನ ಲೆಕ್ಕಾಚಾರ. ದೊಡ್ಡ ಮನಸ್ಸು!

ಮುರಿದ ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಚೀಲದ ಮೇಲೆ ಸಾಲಾಗಿಟ್ಟ. ಮೊದಲು ನೋಡಿದ್ದು ಹಲ್ಲುಗಳ ತುದಿ. ಓಡುತ್ತಿರುವಾಗ ಗೇರ್ ತುರುಕಿದರೆ ತುದಿಗಳು ನಾಯಿ ಕಚ್ಚಿದ ಮೂಳೆಯ ಹಾಗೆ ಜಗಿದುಹೋಗಿರುತ್ತವೆ. ಇಲ್ಲಿ ಒಂದು ತುದಿಗೂ ಗಾಯವಿರಲಿಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದ. ಹಲ್ಲುಗಳು ಮುರಿದದ್ದು ಅರ್ಧ ಅಗಲಕ್ಕೆ ಮಾತ್ರ. ಅಂದರೆ ಗೇರುಗಳು ಅರ್ಧವಷ್ಟೇ ಕಚ್ಚಿಕೊಂಡು ಇಡೀ ಭಾರ ಎಳೆದಿವೆ. ಅಂದರೆ ಗೇರುಗಳನ್ನು ಹೊತ್ತ ಶಾಫ್ಟು ಜಾಗ ಬಿಟ್ಟು ಸರಿದಿದೆ.

ಲೆಸ್ಟರ್ ಟಾರ್ಚ್ ಹಿಡಿದು ಶಾಫ್ಟಿನ ತುದಿ ನೋಡಿದ. ಅಲ್ಲಿನ ದೊಡ್ಡ ನಟ್ಟು ನಾಲ್ಕು ಸುತ್ತು ಹೊರಗೆ ಬಂದು ನಿಂತಿತ್ತು. ಅದು ತಿರುಗದ ಹಾಗೆ ತಡೆಯಬೇಕಾದ ಸ್ಪ್ಲಿಟ್ ಪಿನ್ನಿನ ತೂತು ಖಾಲಿ. ಕೈಯನ್ನು ಮೊಣಕೈವರೆಗೆ ಆ ಕರಿ ರಾಡಿಯೊಳಗೆ ಇಳಿಸಿ ತಡಕಾಡಿದ. ಮುರಿದ ಹಲ್ಲುಗಳ ಜೊತೆ ಎರಡಂಗುಲದ ಒಂದು ತಂತಿ ಚೂರು ಬಂತು. ಬೇಲಿ ತಂತಿ. ತುದಿಯಲ್ಲಿ ಎಡಕ್ಕೆ ತಿರುಚಿ ಹೆಣೆದಿತ್ತು. ಆ ಮನೆಯಲ್ಲಿ ಎಡಚ ಅಂತ ಇದ್ದವನು ಅವನೊಬ್ಬನೇ.

ಅವನು ಅಲ್ಲೇ ಎಣ್ಣೆ ಡ್ರಮ್ಮಿನ ಮೇಲೆ ಕೂತ.

ಗೇರು ಮುರಿದ ಆ ವರ್ಷ ಮೊದಲ ಮಳೆ ಬೇಗ ಬಂದಿತ್ತು. ಬಿತ್ತನೆಗೆ ಮುಂಚೆ ಗೇರ್‌ಬಾಕ್ಸಿನ ಬೇರಿಂಗ್ ಬದಲಿಸುವಾಗ ಪಿನ್ನು ಮಣ್ಣಿನಲ್ಲಿ ಬಿದ್ದು ಕಳೆದುಹೋಯಿತು. ಪೇಟೆ ನಲವತ್ತು ಮೈಲಿ ದೂರ, ಮಣ್ಣಿನ ಹಸಿ ಆರುವ ಮೊದಲು ಬೀಜ ಬೀಳಬೇಕು. ಆ ಸೀಮೆಯಲ್ಲಿ ಗೇಟು, ಬೂಟು, ಕನ್ನಡಕದ ಕಾಲು, ಯಾವುದು ಮುರಿದರೂ ಬೇಲಿ ತಂತಿಯೇ ಮದ್ದು. ಲೆಸ್ಟರ್ ಪಿನ್ನಿನ ಜಾಗಕ್ಕೆ ತಂತಿ ತೂರಿಸಿ ಹೆಣೆದ. ಬಿತ್ತನೆ ಮುಗಿಯೋವರೆಗೆ ತಡೆದ್ರೆ ಸಾಕು ಅಂದ. ಎದುರಿಗೆ ಸ್ಪ್ಯಾನರ್ ಹಿಡಿದು ನಿಂತಿದ್ದವಳು ಗ್ಲೆನಿಸ್.

"ಅಪ್ಪ, ತಾತ ನೋಡಿದ್ರೆ ನಿನ್ ಚರ್ಮ ಸುಲೀತಾನೆ" ಅಂತ ನಕ್ಕಿದ್ದಳು.

ಸುಮ್ಮನೆ ಅಂದದ್ದಲ್ಲ. "ತಂತಿ ಇರೋದು ಬೇಲಿಗೆ. ನನ್ನ ಯಂತ್ರಕ್ಕೆ ಇನ್ನೊಂದು ಸಲ ತಂತಿ ಕಟ್ಟು, ಜಮೀನು ನಿನ್ನ ತಮ್ಮನ ಹೆಸ್ರಿಗೆ ಬರೀತೀನಿ" ಅಂತ ಹೊರೇಸ್ ಹಿಂದಿನ ಸುಗ್ಗಿಯಲ್ಲಷ್ಟೇ ಆಣೆ ಇಟ್ಟಿದ್ದ. ಲೆಸ್ಟರ್ ಇದನ್ನೆಲ್ಲ ಮರೆತಿದ್ದನೋ, ಮರೆತರೆ ಒಳ್ಳೆಯದು ಅಂತ ಮರೆತಿದ್ದನೋ, ಅದನ್ನು ಅವನೂ ಹೇಳಲಾರ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಬಿದ್ದದ್ದು ಹೆತ್ತ ಮಗಳಿಗೆ.

ಹತ್ತು ಗಂಟೆಯ ಟೀ ಹಿಡಿದು ಅವನ ಹೆಂಡತಿ ಐವಿ ಬಂದಳು. ಗುಜರಿ ಡಬ್ಬ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ತಂತಿಯನ್ನು ಅದರೊಳಗೆ ಹಾಕಿಬಿಡಬಹುದಿತ್ತು, ಹಾಕಬೇಕು ಅನ್ನಿಸಿತು ಕೂಡ. ಆದರೆ ಅಂಗೈ ಚಾಚಿದ.

"ಐವಿ, ಇದು ನಂದು. ನಾನೇ ಕಟ್ಟಿದ್ದು."

"ಗೊತ್ತು" ಅಂದಳು ಐವಿ. ಮಗ್ಗನ್ನು ಕ್ರಾಲರಿನ ಪಟ್ಟಿಯ ಮೇಲಿಟ್ಟಳು.

"ನಿನಗೆ ಹೇಗ್ ಗೊತ್ತು?"

"ಅವತ್ತೇ ಹೇಳಿದ್ಲು. ಅಡುಗೆಮನೇಲಿ ಬೂಟು ಬಿಚ್ತಾ. ‘ತಾತಂಗೆ ಗೊತ್ತಾದ್ರೆ ಜಮೀನು ಚಿಕ್ಕಪ್ಪಂಗೆ ಹೋಗುತ್ತೆ ಅಮ್ಮ. ಅಪ್ಪಂಗೆ ಬೇರೆ ಕೆಲ್ಸ ಬರಲ್ಲ. ನಾನಾದ್ರೆ ಬೈಸ್ಕೊಂಡು ಸುಮ್ನಾಗ್ತೀನಿ’ ಅಂದ್ಲು. ಬಾಯಿ ಬಿಡಲ್ಲ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡ್ಲು."

"ಅಪ್ಪ ಸತ್ತು ಎಷ್ಟು ವರ್ಷ ಆಯ್ತು! ಆಮೇಲಾದ್ರೂ ಹೇಳ್ಬಾರ್ದಿತ್ತೇನೇ?"

"ಹೇಳ್ತೀನಿ ಅಂದೆ ಕಣೋ. ಬೇಡ ಅಂದ್ಲು. ‘ಒಂದಿನ ಅಪ್ಪನೇ ಬಿಚ್ತಾನೆ, ಅವನೇ ನೋಡ್ಲಿ’ ಅಂದ್ಲು. ಕ್ರಿಸ್‌ಮಸ್ಸಿಗೆ ಬಂದಾಗೆಲ್ಲ ನಾಯಿ ಮಾತಾಡಿಸ್ಕೊಂಡ್ ಬರ್ತೀನಿ ಅಂತ ಹೊರಗ್ ಬರ್ತಿದ್ಲಲ್ಲ, ಇಲ್ಲಿಗೆ ಬರ್ತಿದ್ದಿದ್ದು ಅವಳು. ಮುಚ್ಚಳದ ಮೇಲೆ ಧೂಳು ಹಾಗೇ ಇದ್ಯಾ ಅಂತ ನೋಡ್ಕೊಂಡು, ಒಳಗ್ ಬಂದು ಊಟಕ್ಕೆ ಕೂರ್ತಿದ್ಲು."

ಲೆಸ್ಟರ್ ಕಳಚಿಟ್ಟಿದ್ದ ಮುಚ್ಚಳದ ಕಡೆ ತಿರುಗಿದ.

"ಪರ್ತ್ ಆಸ್ಪತ್ರೇಲಿ ಕೊನೇ ವಾರ ಕೇಳಿದ್ಲು, ‘ಅಪ್ಪ ಬಿಚ್ಚಿದ್ನಾ?’ ಅಂತ. ನನಗೆ ತಡ್ಕೊಳಕ್ಕಾಗ್ಲಿಲ್ಲ ಲೆಸ್. ಬಿಚ್ಚಿದಾನೆ ಮಗಳೇ, ಎಲ್ಲಾ ನೋಡಿದಾನೆ, ಅಂತ ಸುಳ್ಳು ಹೇಳ್ದೆ."

"ಏನಂದ್ಲು?"

ಐವಿ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"‘ಮತ್ತೆ ಯಾಕಮ್ಮ ಬರ್ಲಿಲ್ಲ?’ ಅಂದ್ಲು. ಕೊಯ್ಲು ನಡೀತಿದೆ, ಮುಗಿಸ್ಕೊಂಡ್ ಬರ್ತಾನೆ ಅಂದೆ."

ಕೊಯ್ಲು ಮಾಡುತ್ತಿದ್ದವರು ಗುತ್ತಿಗೆಯವರು. ಲೆಸ್ಟರ್ ಆ ವಾರವೆಲ್ಲ ವರಾಂಡದಲ್ಲಿ ಕೂತು ರೇಡಿಯೋದಲ್ಲಿ ಕ್ರಿಕೆಟ್ ಕೇಳಿದ್ದ. ಅದು ಐವಿಗೂ ಗೊತ್ತಿತ್ತು. ಅವನು ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು, ಮಗಳ ಹೆಸರು ಹಿಡಿದು ಕೂಗಿ ಕೂಗಿ ಅತ್ತ. ಐವಿ ಇನ್ನೊಂದು ಡ್ರಮ್ಮು ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.