ಬೇಬಕ್ಕನ ಮಣೆ

ಅಂಕೋಲೆಯ ಕಾಲೇಜಿನಲ್ಲಿ ಮಹಿಳಾ ದಿನದ ಭಾಷಣ ನೀತಾಳದು. ಸ್ತ್ರೀವಾದ ಎಂದರೇನು, ಅದು ಹೇಗೆ ಬೆಳೆದು ಬಂತು ಎಂಬ ವಿಷಯ. ಅಲ್ಲಿ ಇತಿಹಾಸ ಕಲಿಸುವವಳೂ ಅವಳೇ. ತಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂಬ ಆಸೆಯಿಂದ ಬೆಳಿಗ್ಗೆಯೇ ಕಾರವಾರದ ತವರಿಗೆ ಬಂದಳು.

ಆಯಿ ಬೇಬಿ ಒಳ್ಳೆಯ ಸೀರೆ ತೆಗೆದು ಮಂಚದ ಮೇಲಿಟ್ಟಿದ್ದಳು. ಉಟ್ಟಿರಲಿಲ್ಲ.

"ರೋಷನ್ನ ಕೇಳ್ಬೇಕಲ್ಲೇ," ಎಂದಳು.

"ಎಂತ ಕೇಳುದು ಆಯಿ?"

"ಹೋಗುಕೆ."

ರೋಷನ ನೀತಾಳ ತಮ್ಮ, ಬೈತಖೋಲ ಬಂದರಿನಿಂದ ಮೀನು ಹಿಡಿಯಲು ಟ್ರಾಲರ್ ಮೇಲೆ ಹೋಗುವವನು. ಚಾ ಕುಡಿಯುತ್ತ ಕೂತವನು ತಲೆ ಎತ್ತದೆಯೇ, "ಇವತ್ತು ಬ್ಯಾಡ. ಬೋಟಿನವ್ರು ಊಟಕ್ಕೆ ಬತ್ರು, ಅಡುಗೆ ಯಾರು ಮಾಡುದು?" ಎಂದ. ಕೆಟ್ಟ ಹುಡುಗನೇನಲ್ಲ, ದನಿಯನ್ನೂ ಏರಿಸಲಿಲ್ಲ. ನೀತಾ ಜಗಳಕ್ಕೆ ನಿಂತರೆ ಆಯಿಯೇ ತಡೆದಳು. "ಬಿಡೇ ಮಗಾ, ನಿಂಗೆ ಬಸ್ ತಪ್ಪುತದೆ." ಸೀರೆ ಪೆಟ್ಟಿಗೆಗೆ ಹೋಯಿತು.

ಬಸ್ಸಿನಲ್ಲಿ ನೀತಾ ಆಯಿಯನ್ನೇ ನೆನೆಯುತ್ತ ಕೂತಳು. ಬೈತಖೋಲದ ಹರಾಜಿನಲ್ಲಿ ಗಂಡಸರ ನಡುವೆ ಸೆರಗು ಬಿಗಿದು ನಿಂತು ಬಂಗಡೆ ರಾಶಿಗೆ ಬೆಲೆ ಕೂಗುತ್ತಿದ್ದವಳು ಇವಳೇನಾ? ಅಪ್ಪ ಮಾಬ್ಲೇಶ್ವರನ ಮಾತು ನಡೆಯುತ್ತಿದ್ದುದು ಕಡಲಿನ ಮೇಲೆ. ಮೀನು ದಡ ಮುಟ್ಟಿದರೆ ಮುಗಿಯಿತು, ಮಾರುವವಳು ಬೇಬಿ, ಸೊಂಟದ ದುಡ್ಡಿನ ಸಂಚಿ ಬೇಬಿಯದು, ಮಗಳು ಕಾಲೇಜಿಗೆ ಹೋಗತಕ್ಕದ್ದೆಂಬ ತೀರ್ಮಾನವೂ ಬೇಬಿಯದೇ. ಆಗ ಅವಳನ್ನು ಎಲ್ಲಿಗೆ ಹೊರಟೆ ಎಂದು ಕೇಳುವ ಧೈರ್ಯ ಯಾರಿಗಿತ್ತು!

ಆ ಮೀನು ಮಾರಾಟವನ್ನು ಬಿಡಿಸಿದವಳು ನೀತಾ. ಕೆಲಸ ಸಿಕ್ಕ ಹೊಸತರಲ್ಲಿ ಜೊತೆಯ ಉಪನ್ಯಾಸಕಿಯೊಬ್ಬಳು ಕಾರವಾರದ ಮಾರ್ಕೆಟ್ಟಿನಲ್ಲಿ ಬೇಬಿಯೊಡನೆ ಚೌಕಾಶಿಗೆ ನಿಂತಿದ್ದಳು. ಪಕ್ಕದಲ್ಲಿದ್ದ ನೀತಾ ಇವಳು ನನ್ನ ಆಯಿ ಎನ್ನಲಿಲ್ಲ. ಆಯಿಯೂ ಮಗಳ ಮುಖ ನೋಡಿ, ಗುರುತಿಲ್ಲದವಳಂತೆ ಮೀನು ಕಟ್ಟಿಕೊಟ್ಟಳು. ಅಂದು ಸಂಜೆ, "ದುಡಿದದ್ದು ಸಾಕು ಆಯಿ, ಇದೂ ಒಂದು ಶೋಷಣೆಯೇ," ಎಂದು ನೀತಾ ದೊಡ್ಡ ಮಾತಾಡಿದಳು. ಆಯಿಗೆ ಆ ಪದ ತಿಳಿಯಲಿಲ್ಲ, ಮಗಳ ನಾಚಿಕೆ ತಿಳಿಯಿತು. ಮರುದಿನವೇ ಮೀನು ಮಾರಲು ಕೂರುವ ತನ್ನ ಮಣೆಯನ್ನು ಪಕ್ಕದಲ್ಲಿ ಮಾರುತ್ತಿದ್ದ ಕಾಮಿಗೆ ಕೊಟ್ಟುಬಂದಳು. ಮಾರ್ಕೆಟ್ಟಿನ ಹೆಂಗಸರಲ್ಲಿ ಮಣೆ ಯಾರದೋ ಜಾಗ ಅವರದು. ಮಗಳಿಗೋ ಸೊಸೆಗೋ ದಾಟಿಸುವ ವಸ್ತು ಅದು. ಒಮ್ಮೆ ಕೊಟ್ಟರೆ ವಾಪಸು ಕೇಳುವ ಪದ್ಧತಿಯಿಲ್ಲ. ಮಣೆಯೊಂದಿಗೆ ಸೊಂಟದ ಸಂಚಿಯೂ ಹೋಯಿತು, ಮನೆಯ ದುಡ್ಡು ರೋಷನನ ಕೈ ಸೇರಿತು.

ಭಾಷಣ ಚೆನ್ನಾಗಿಯೇ ಆಯಿತು. ಮತದ ಹಕ್ಕು, ಸಮಾನ ಕೂಲಿ, ಆಸ್ತಿಯಲ್ಲಿ ಪಾಲು, ಬೀದಿಗಿಳಿದು ಇವನ್ನೆಲ್ಲ ಕೇಳಿದ ಹೆಂಗಸರು. "ಯಾರ ಅಪ್ಪಣೆಯೂ ಇಲ್ಲದೆ ಹೆಣ್ಣು ಹೊಸಿಲು ದಾಟುವಂತಾಗಬೇಕು, ಅರ್ಥ ಇಷ್ಟೇ," ಎನ್ನುವಾಗ ಮುಂದಿನ ಸಾಲಿನ ಖಾಲಿ ಕುರ್ಚಿ ಕಂಡು ಅವಳು ಕೈಯಲ್ಲಿನ ಹಾಳೆ ಮಡಚಿ ಮಾತು ಮುಗಿಸಿಬಿಟ್ಟಳು. ಹುಡುಗಿಯರು ಮೇಡಂ ಭಾವುಕರಾದರೆಂದುಕೊಂಡು ಇನ್ನಷ್ಟು ಚಪ್ಪಾಳೆ ತಟ್ಟಿದರು.

ಕಾರವಾರಕ್ಕೆ ಮರಳಿದವಳು ನೇರ ಮಾರ್ಕೆಟ್ಟಿಗೆ ನಡೆದಳು. ಕಾಮಿ ಅದೇ ಮಣೆಯ ಮೇಲೆ ಕೂತು ಇಸ್ವಾಣ ಮೀನು ಕತ್ತರಿಸುತ್ತಿದ್ದಳು.

"ಕಾಮಕ್ಕ, ಆಯಿ ಜಾಗ ಆಯಿಗೇ ಬಿಟ್ಟುಕೊಡುಕೆ ಆಗುದಾ?"

ಕಾಮಿಯ ಕತ್ತಿ ನಿಂತಿತು. "ನನ್ನ ಸೊಸೆ ಕೂಡ ಈ ಮಣೆ ನಂಬ್ಕಂಡದೆ. ಅದ್ಕೆ ಇಲ್ಲ ಅನ್ಲಾ? ನೀನೇ ಹೇಳು."

ಇನ್ನೊಬ್ಬ ಹೆಂಗಸನ್ನು ಎಬ್ಬಿಸಿ ಆಯಿಯನ್ನು ಕೂರಿಸುವುದು ಯಾವ ನ್ಯಾಯ?

"ಬೇಬಕ್ಕ ಮೊನ್ನೆ ಬಂದಿತ್ತು," ಎಂದಳು ಕಾಮಿ ಮೆಲ್ಲಗೆ. "ಮೀನು ತಕಂಡು ಹೋಗುಕೆ. ನಾ ಹೇಳಿದ್ ರೇಟಿಗೇ ಹೂಂ ಅಂತು. ಚೌಕಾಶಿ ಮಾಡ್ಲೇ ಇಲ್ಲ ನೋಡು. ನಂಗೆ ಅಳುವೇ ಬಂತು."

ಮನೆಯಲ್ಲಿ ಆಯಿ ಬೋಟಿನವರು ಉಂಡ ತಟ್ಟೆ ತೊಳೆಯುತ್ತಿದ್ದಳು. ನೀತಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ತಪ್ಪಾಯ್ತು ಆಯಿ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅಷ್ಟರಲ್ಲಿ ಆಯಿ ಕೈ ಒರೆಸಿಕೊಂಡು ಅವಳ ತಲೆ ನೇವರಿಸಿದಳು.

"ಚಲೋ ಆಯ್ತನೇ ಭಾಷಣ? ಬರ್ಬೇಕು ಅಂತ ಭಾಳ ಇತ್ತು. ಮುಂದಿನ ವರ್ಷ ಇದ್ರೆ ಮೊದ್ಲೇ ಹೇಳು ಮಗಾ. ರೋಷನ್ನ ಕೇಳಿಟ್ಕಂಡಿರ್ತೆ."