ಮರ ಅಣ್ಣನದು, ಉಣ್ಣೆ ತಮ್ಮನದು

ಬಡಗಿ ಸ್ಪೀಕರ್ ಬಾಕ್ಸನ್ನು ಹೊಟ್ಟೆಗೆ ಅವಚಿಕೊಂಡು, ಕಾಲಲ್ಲೇ ಮೆಟ್ಟಿಲು ತಡವುತ್ತ ಇಳಿಯುತ್ತಿದ್ದ. ಕೆಳಗಿನ ಕೋಣೆಯಲ್ಲಿ, ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ ಮಾಡಿದ ಜಾಗದಲ್ಲಿ, ಅವನ ತಮ್ಮ ಮಲಗಿದ್ದ. ಬೀದಿಯವರೆಲ್ಲ ದರ್ಜಿ ಎಂದೇ ಕರೆಯುತ್ತಿದ್ದವನು. ನಿನ್ನೆ ಮಧ್ಯಾಹ್ನ ಕಾಜ ಹೊಲಿಯುತ್ತಿದ್ದವನು ಹಾಗೇ ಯಂತ್ರದ ಮೇಲೆ ತಲೆಯಿಟ್ಟಿದ್ದ. ನಿದ್ದೆ ಹತ್ತಿರಬೇಕು ಅಂತ ಹೆಂಡತಿ ಫ್ಯಾನು ಹಾಕಿ ಹೋಗಿದ್ದಳು.

"ಗೋಡೆಗೆ ತಾಗಿಸ್ಬೇಡಿ ಭಾವ, ಒಂದು ಗೇಣು ಮುಂದಿರ್ಲಿ," ಎಂದಳು ಅವಳು. "ಇಲ್ದಿದ್ರೆ ದನಿ ದಪ್ಪ ಆಗತ್ತೆ ಅಂತಿದ್ರು."

ಇವಳಿಂದಲೂ ಪಾಠ ಹೇಳಿಸಿಕೊಳ್ಳುವ ಹಾಗಾಯಿತಲ್ಲ ಅಂದುಕೊಂಡು ಬಡಗಿ ಬಾಕ್ಸನ್ನು ಒಂದು ಗೇಣು ಮುಂದಕ್ಕೆ ಸರಿಸಿದ.

ಹನ್ನೊಂದಕ್ಕೆ ಹೆಣ ಎತ್ತಬೇಕು. ಅದಕ್ಕೆ ಮೊದಲು ಪಿಟೀಲು ಟೀಚರ್ ನುಡಿಸಿದ ಕ್ಯಾಸೆಟ್ ಹಾಕಬೇಕೆಂದು ಅವಳ ಆಸೆ. ಗಂಡ ಹೊಲಿಯುವಾಗಲೆಲ್ಲ ಕೇಳುತ್ತಿದ್ದದ್ದು ಅದನ್ನೇ.

ಕ್ಷೌರದಂಗಡಿಯವನು ಬಾಕ್ಸಿನ ನೆತ್ತಿ ಸವರಿದ. "ಏನು ಕೈ ರೀ ಅವಂದು! ನಮ್ಮಂಗಡಿಗೆ ಮಾಡ್ಕೊಟ್ಟ ಬಾಕ್ಸಿನ ಜೋಡಿಗೆ ಹದಿನೆಂಟು ವರ್ಷ ಆಯ್ತು, ಒಂದು ದಿನ ಕೊಂಯ್ ಅಂದಿಲ್ಲ. ದರ್ಜಿಯಾಗಿದ್ಕೊಂಡು ಮರದ ಕೆಲಸ ಅದೆಲ್ಲಿ ಕಲ್ತ್ನೋ!"

"ಮರ ನಂದು," ಎಂದ ಬಡಗಿ.

"ಹಾಂ?"

"ಮರದ ಕೆಲಸ ನಂದು. ಒಳಗಡೆ ಉಣ್ಣೆ ಅವಂದು."

"ಓ, ಹೌದಾ?" ಎಂದವನ ಗಮನ ಆಗಲೇ ಬಾಗಿಲಿನ ಕಡೆಗಿತ್ತು. ಬಸ್ ಕಂಡಕ್ಟರ್ ಬಂದಿದ್ದ. "ನಮ್ಮನೇಲೂ ಅವಂದೇ ಬಾಕ್ಸು," ಎಂದು ಕಂಡಕ್ಟರ್ ಕಣ್ಣೊರೆಸಿಕೊಂಡ.

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಂತಾರೆ. ಕಿಚ್ಚು ಅಂಥ ಮಾತು ಕೇಳುತ್ತದೆಯೇ? ಬಡಗಿಯ ಹೊಟ್ಟೆಯಲ್ಲಿ ಹಳೇ ಕೆಂಡ ಬೂದಿ ಕೊಡವಿಕೊಂಡು ಎದ್ದಿತು.

*

ಮೊದಲ ಜೋಡಿ ಮಾಡಿದಾಗ ಅಣ್ಣನಿಗೆ ಮೂವತ್ತು, ತಮ್ಮನಿಗೆ ಇಪ್ಪತ್ತಾರು. ಅಣ್ಣ ಯಾರದೋ ಹಳೇ ಬಾಗಿಲಿನ ತೇಗ ತಂದು, ಮೂಲೆಗಳನ್ನು ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿ, ಮುಖ ಕಾಣುವಷ್ಟು ಪಾಲಿಶ್ ಹೊಡೆದಿದ್ದ. ಹಾಡು ಹಾಕಿದರೆ, ಹಾಡುವವಳು ಬಿಂದಿಗೆಯೊಳಗೆ ಕೂತಿದ್ದಾಳೆ ಅನ್ನಬೇಕು!

ತಮ್ಮ ಬೆರಳ ಗೆಣ್ಣಿನಿಂದ ಬಾಕ್ಸಿನ ಪಕ್ಕೆಗೆ ಕುಟ್ಟಿದ. ಠಣ್ ಅಂತು.

"ಅಣ್ಣ, ಮರಾನೂ ಹಾಡ್ತಿದೆ."

"ಒಳ್ಳೇ ಮರ ಹಾಡದೆ ಇನ್ನೇನು ಮಾಡತ್ತೆ?"

"ಹಾಡೋಕೆ ಸ್ಪೀಕರ್ ಇದೆಯಲ್ಲ. ಮರ ಬಾಯಿ ಮುಚ್ಕೊಂಡಿರ್ಬೇಕು."

ಹತ್ತು ವರ್ಷದಿಂದ ಉಳಿ ಹಿಡಿದವನಿಗೆ ಸೂಜಿ ಹಿಡಿದವನು ಹೇಳಿದ ಮಾತು ಅದು. ಮುಂದಿನ ವಾರ ತಮ್ಮನೇ ದಪ್ಪ ಪ್ಲೈವುಡ್ ತಂದ, ಪೆನ್ಸಿಲಿನಲ್ಲಿ ಗೆರೆ ಎಳೆದ, ಗೋಡೆಗಳು ನಡುಗದ ಹಾಗೆ ಒಳಗೆ ಅಡ್ಡಪಟ್ಟಿ ಬೇಕೆಂದ. ಅಣ್ಣ ಹಲ್ಲು ಕಚ್ಚಿಕೊಂಡು ಕೊಯ್ದು ಕೂಡಿಸಿದ. ತಮ್ಮ ಒಳಮೈಗೆ ಕೋಟಿನ ದಪ್ಪ ಬಟ್ಟೆ ಅಂಟಿಸಿ, ಹರಿದ ಕಂಬಳಿಯ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸಿ ತುಂಬಿದ. ಈಗ ಕುಟ್ಟಿದರೆ ಟಪ್, ಅಷ್ಟೇ. ಹಾಡು ಹಾಕಿದರೆ ಹಾಡುವವಳು ಬಿಂದಿಗೆಯಿಂದೆದ್ದು ಬಂದು ಚಾಪೆಯ ಮೇಲೆ ಕೂತಳು.

ಜನ ಬಂದರು, ಕೇಳಿದರು, ದರ್ಜಿಯನ್ನು ಹೊಗಳಿದರು. ಮದುಮಗ ಎದುರಿಗಿರುವಾಗ ಕುದುರೆಯ ಬೆನ್ನು ತಟ್ಟುವವರು ಯಾರು?

ಪಿಟೀಲು ಟೀಚರ್ ಒಂದು ಜೋಡಿ ಮಾಡಿಕೊಡಲು ಹೇಳಿ ಹೋದಾಗ ಬಡಗಿ ಒಂದು ಬಾಕ್ಸಿನ ಅಡ್ಡಪಟ್ಟಿಗೆ ಅಂಟು ಸವರಲಿಲ್ಲ. ಒತ್ತಿ ಕೂರಿಸಿ ಬಿಟ್ಟ. ಒಂದೇ ಒಂದು ಸಲ ತಮ್ಮನಿಗೂ ಬೈಗುಳ ಬೀಳಲಿ ಎಂದುಕೊಂಡ. ಬಿತ್ತೋ ಇಲ್ಲವೋ, ಬಡಗಿಯ ಕಿವಿಗಂತೂ ಬರಲಿಲ್ಲ.

*

ಕ್ಯಾಸೆಟ್ ಶುರುವಾಯಿತು. ಪಿಟೀಲಿನ ದನಿ ಕೋಣೆ ತುಂಬಿತು. ಟೀಚರ್ ಬಡಗಿಯ ಪಕ್ಕದಲ್ಲೇ ನಿಂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು.

"ನನ್ನ ಜೋಡೀಲಿ ಒಂದು ಮೊದಮೊದಲು ಕರಕರ ಅಂತಿತ್ತು," ಎಂದರು ಮೆಲ್ಲಗೆ. "ಪಾಪ, ನಿಮ್ಮ ತಮ್ಮ ನಾಲ್ಕು ಸಲ ಬಂದು ಉಣ್ಣೆ ತೆಗೆದು ತುಂಬಿದ್ರು. ಕೊನೆಗೆ ನೋಡಿದ್ರೆ ಒಳಗಿನ ಪಟ್ಟಿ ಅಂಟೇ ಕಂಡಿರಲಿಲ್ಲ. ಯಾರ್ರೀ ಹೀಗೆ ಮಾಡಿದ್ದು ಅಂದೆ. 'ನಾನೇ ಟೀಚರ್, ಮರೆತುಬಿಟ್ಟೆ' ಅಂದ್ರು."

ಬಡಗಿ ಅಲ್ಲಿ ನಿಲ್ಲಲಿಲ್ಲ. ಸೀದಾ ಅಡುಗೆಮನೆಗೆ ಹೋದ. ತಮ್ಮನ ಹೆಂಡತಿ ಬಂದವರಿಗೆ ನೀರು ತುಂಬಿಸುತ್ತಿದ್ದಳು.

"ಟೀಚರ್ ಬಾಕ್ಸಿನ ಪಟ್ಟಿ ವಿಷಯ... ಅವನಿಗೆ ಗೊತ್ತಿತ್ತೇನಮ್ಮ?"

ಅವಳು ಲೋಟ ಕೆಳಗಿಟ್ಟಳು. "ಅವತ್ತು ಊಟ ಮಾಡ್ಲಿಲ್ಲ ಭಾವ. 'ಅಣ್ಣ ಅಂಟು ಮರೆಯೋ ಆಸಾಮಿ ಅಲ್ಲ ಕಣೇ' ಅಂದ್ರು. ಅಷ್ಟೇ."

"ಆಮೇಲೂ ಕೆಲಸ ನನಗೇ ಕೊಟ್ನಲ್ಲ?"

"ಬೇರೆ ಬಡಗೀನ ನೋಡ್ಕೊಳ್ಳಿ ಅಂದೆ ನಾನು. ನನ್ಮೇಲೇ ರೇಗಿದ್ರು."

ಬಡಗಿ ಬಾಗಿಲ ಚೌಕಟ್ಟು ಹಿಡಿದು ನಿಂತ. ಕೆಲಸದಲ್ಲಿ ಗೆದ್ದ, ಹೆಸರಿನಲ್ಲಿ ಗೆದ್ದ, ಒಳ್ಳೆಯತನವನ್ನೂ ಇವನೇ ಗುತ್ತಿಗೆ ಹಿಡಿಯಬೇಕಿತ್ತೇ? ಕೊರಳಪಟ್ಟಿ ಹಿಡಿದು ಕೇಳೋಣವೆಂದರೆ, ಭೂಪ ಅಲ್ಲಿ ಕಣ್ಣು ಮುಚ್ಚಿ ಪಿಟೀಲು ಕೇಳುತ್ತ ಮಲಗಿದ್ದಾನೆ.

ಅವನು ತಿರುಗಿ ಬಂದು ಟೀಚರ್ ಎದುರು ನಿಂತ. "ಅಂಟು ಹಾಕದೆ ಬಿಟ್ಟಿದ್ದು ನಾನು. ಬೇಕಂತಲೇ."

ಟೀಚರ್ ಅವನ ಮುಖವನ್ನೇ ನೋಡಿದರು. "ಈಗ ಹೇಳ್ತಿದೀರಲ್ಲ," ಎಂದರು. "ಯಾರಿಗೆ?"

ಹೊರಗೆ ಯಾರೋ ಹನ್ನೊಂದಾಯಿತು ಎಂದು ಕೂಗಿದರು.

ದೇಹವಿಟ್ಟ ಹಲಗೆಯ ಮುಂದಿನ ಬಲಮೂಲೆಗೆ ಬಡಗಿ ಹೆಗಲು ಕೊಟ್ಟ. ಬೀದಿ ದಾಟಿದ ಮೇಲೆ ಉದ್ದದ ಏರು. ಉಳಿದ ಮೂರು ಮೂಲೆಗಳಲ್ಲಿ ಜನ ಬದಲಾಗುತ್ತಲೇ ಇದ್ದರು. ಎಲ್ಲರಿಗೂ ನಾಲ್ಕು ಹೆಜ್ಜೆಯಾದರೂ ಹೊರುವ ಆಸೆ.

"ಬಿಡಿ ಬಡಗಿಯಣ್ಣ, ನಾನೂ ಒಂಚೂರು ಹೊರ್ತೀನಿ," ಎಂದ ಕ್ಷೌರದಂಗಡಿಯವನು.

"ಬೇಡ."

"ವಯಸ್ಸಾಗಿದೆ ನಿಮಗೆ, ಕೊಡಿ ಇಲ್ಲಿ," ಎಂದ ಕಂಡಕ್ಟರ್, ಆಗಲೇ ಹೆಗಲು ತಗ್ಗಿಸಿ. ಬಡಗಿ ಮೊಣಕೈಯಿಂದ ಅವನನ್ನು ಅತ್ತ ತಳ್ಳಿದ.

ಏರು ಮುಗಿಯುವಷ್ಟರಲ್ಲಿ ಅವನ ಅಂಗಿ ಹೆಗಲಿನ ಹತ್ತಿರ ಹರಿದಿತ್ತು, ಹಲಗೆಯ ಅಂಚು ಚರ್ಮಕ್ಕೇ ಕೂತಿತ್ತು. ಕತ್ತು ಒಂದು ಕಡೆಗೆ ವಾಲಿಸಿಕೊಂಡು, ಎರಡೂ ಕೈಯಿಂದ ಆ ಮೂಲೆಯನ್ನು ತಬ್ಬಿ ಹಿಡಿದು ಅವನು ನಡೆಯುತ್ತಿದ್ದ. ಅವನ ಹಿಂದೆ, ಸರದಿಗಾಗಿ ಕಾಯುತ್ತ, ಏಳೆಂಟು ಜನ ಸಾಲಾಗಿ ಬರುತ್ತಿದ್ದರು.